ಕಲಬುರಗಿಯಿಂದ ಮಹಾಸಾಗರಕ್ಕೆ: ಹಾಯಿದೋಣಿ ರೇಸಿಗೆ ಮೈ ಸಜ್ಜು ಮಾಡಿಕೊಳ್ಳೋದು ಹೇಗೆ

ಸಮುದ್ರಯಾನ ಅಂದ ಕೂಡಲೇ ತಲೆಗೆ ಬರೋದು ದೊಡ್ಡ ಅಲೆ, ಬಿರುಗಾಳಿ. ಅವು ಇವೆ, ನಿಜ. ಆದರೆ ತಿಂಗಳುಗಟ್ಟಲೆ ಹಾಯಿದೋಣಿ ಓಡಿಸೋರನ್ನು ದಿನಾ ಕಾಡೋದು ಸಣ್ಣಪುಟ್ಟ ಸಂಗತಿಗಳು. ಒಣಗದ ಬಟ್ಟೆ, ಕುಂಡೆ ಮೇಲೆ ಎದ್ದ ಗುಳ್ಳೆ, ಪದೇ ಪದೇ ಮುರಿಯೋ ನಿದ್ದೆ, ನಡಿಗೆ ಇಲ್ಲದೆ ಸೊರಗಿದ ಕಾಲು. ಇವುಗಳಲ್ಲಿ ಬಹುಪಾಲಿಗೆ ತಯಾರಿಯನ್ನು ಸಮುದ್ರದ ಮುಖ ನೋಡದೆಯೂ ಶುರು ಮಾಡಬಹುದು. ಕಲಬುರಗಿಯಲ್ಲೇ ಕೂತು ಮಾಡಬಹುದು.

ಸೇನೆ, ನೌಕಾಪಡೆ ಭರ್ತಿಗೆ ಹೋಗೋ ಹುಡುಗ ಹುಡುಗಿಯರಿಗೆ ನಾನು ಇಲ್ಲಿ ತಾಲೀಮು ಮಾಡಿಸುತ್ತೇನೆ. ಅವರಲ್ಲಿ ಒಬ್ಬಿಬ್ಬರಿಗೆ ಹಾಯಿದೋಣಿಯ ಹುಚ್ಚು ಹತ್ತಿದೆ. ಅಂಥವರಿಗಾಗಿ ಬರೆದದ್ದು ಇದು.

ಮೊದಲು ಆಟದ ಅಳತೆ ಗೊತ್ತಿರಲಿ. ಫ್ರಾನ್ಸಿನಿಂದ 4 ವರ್ಷಕ್ಕೊಮ್ಮೆ ಹೊರಡೋ ವಾಂದೇ ಗ್ಲೋಬ್ ರೇಸಿನಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ಸಹಾಯವೂ ಇಲ್ಲದೆ ಭೂಮಿ ಸುತ್ತಬೇಕು. 2025ರ ಜನವರಿಯಲ್ಲಿ ಫ್ರಾನ್ಸಿನ ನಾವಿಕ ಶಾರ್ಲಿ ದಾಲಾಂ ಅದನ್ನು 64 ದಿನ 19 ಗಂಟೆಗಳಲ್ಲಿ ಮುಗಿಸಿದರು. ಗೋಲ್ಡನ್ ಗ್ಲೋಬ್ ರೇಸಿನಲ್ಲೂ ಒಬ್ಬರೇ ಭೂಮಿ ಸುತ್ತೋದು, ಆದರೆ ಹಳೇ ಕಾಲದ ದೋಣಿ, ನಿಧಾನ. ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ 2023ರ ಏಪ್ರಿಲ್‌ನಲ್ಲಿ ಎರಡನೇ ಸ್ಥಾನದಲ್ಲಿ ಮುಗಿಸಿದಾಗ 236 ದಿನ ಆಗಿತ್ತು. ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು, ನಾಲ್ಕು ಬಂದರುಗಳಲ್ಲಿ ತಂಗಿ, ಭೂಮಿ ಸುತ್ತಿ, 2025ರ ಮೇ ಕೊನೆಗೆ ವಾಪಸ್ ಬಂದರು. ಅದು ರೇಸ್ ಅಲ್ಲ ಅನ್ನಬಹುದು. ಮೈಗೆ ಆ ವ್ಯತ್ಯಾಸ ಗೊತ್ತಾಗಲ್ಲ.

1. ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ

ಜಿಮ್ಮಿಗೆ ಸೇರೋ ಮುಂಚೆ ಇದು ಆಗಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ರಕ್ತ, ಬಿಪಿ, ಕಣ್ಣು, ಕಿವಿ, ಬೆನ್ನು ತೋರಿಸಿ. ಹಲ್ಲನ್ನಂತೂ ಮರೆಯಬೇಡಿ. ಊರಲ್ಲಿ ಲವಂಗ ಇಟ್ಟುಕೊಂಡು ದಿನ ತಳ್ಳೋ ಹುಳುಕು ಹಲ್ಲು, ದಡದಿಂದ ಸಾವಿರ ಮೈಲು ಆಚೆ ಕೀವು ತುಂಬಿದರೆ ಕೀಳೋರು ಯಾರೂ ಇರಲ್ಲ.

ನಮ್ಮ ಭಾಗದವರು ಇನ್ನೊಂದು ಪರೀಕ್ಷೆ ಮಾಡಿಸಬೇಕು. ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ ಕಿಡ್ನಿಯಲ್ಲಿ ಕಲ್ಲು ಇದೆಯಾ ನೋಡಿ. ಬೇಸಿಗೆಯಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿಯೋ ರೂಢಿ ನಮ್ಮಲ್ಲಿ ತುಂಬಾ ಜನಕ್ಕೆ ಇದೆ. ಕಲ್ಲು ಸುಮ್ನೆ ಒಳಗೆ ಕೂತಿರುತ್ತೆ, ನೀರು ಕಡಿಮೆಯಾದಾಗ ಜೀವ ಹಿಂಡುತ್ತೆ.

2. ತೋಳು ಬೆಳೆಸೋ ಮುಂಚೆ ಕಾಲು, ಬೆನ್ನು ನೋಡಿಕೊಳ್ಳಿ

ಹಾಯಿದೋಣಿಯಲ್ಲಿ ತೋಳಿಗೆ, ಹೆಗಲಿಗೆ ದಿನವಿಡೀ ಕೆಲಸ. ಹಗ್ಗ ಎಳೆಯೋದು, ವಿಂಚ್ ಅನ್ನೋ ಹಗ್ಗ ಸುತ್ತೋ ರಾಟೆ ತಿರುಗಿಸೋದು, ಒಟ್ಟು ನೂರಾರು ಕಿಲೋ ತೂಗೋ ಹಾಯಿ ಚೀಲಗಳನ್ನು ಈ ಕಡೆಯಿಂದ ಆ ಕಡೆಗೆ ಎಳೆದು ಹಾಕೋದು. ಕಾಲಿಗೆ? 18 ಮೀಟರ್ ಉದ್ದದ ದೋಣಿಯಲ್ಲಿ ನಡೆಯೋಕೆ ಎಲ್ಲಿದೆ ಜಾಗ? ಕೂತು, ಬಗ್ಗಿ, ಮಂಡಿಯೂರಿ, ತೆವಳಿಯೇ ದಿನ ಕಳೆಯುತ್ತೆ. ಎರಡು ಮೂರು ತಿಂಗಳಲ್ಲಿ ಮೀನಖಂಡ ಇಳಿದುಹೋಗುತ್ತೆ, ತೊಡೆ ತೆಳ್ಳಗಾಗುತ್ತೆ. ರೇಸು ಮುಗಿಸಿ ಬಂದವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು.

ಕಳೆದುಕೊಳ್ಳೋದು ಹೇಗೂ ಖಂಡಿತ. ಆದ್ದರಿಂದ ಹೊರಡುವಾಗಲೇ ಜಾಸ್ತಿ ಇಟ್ಟುಕೊಂಡು ಹೋಗಬೇಕು. ಇದಕ್ಕೆ ನಮ್ಮ ಗರಡಿ ಮನೆಯ ಪಾಠವೇ ಸಾಕು. ದಿನಾ ಬಸ್ಕಿ ಹೊಡೆಯಿರಿ, ದಂಡ ಹೊಡೆಯಿರಿ. ಯಾದಗಿರಿಯವರಿಗೆ ಊರ ನಡುವೆಯೇ ಕೋಟೆ ಗುಡ್ಡ ಇದೆ. ಬೆನ್ನಿಗೆ ಹತ್ತು ಕಿಲೋ ಚೀಲ ಕಟ್ಟಿ ವಾರಕ್ಕೆ ಮೂರು ದಿನ ಹತ್ತಿ ಇಳಿಯಿರಿ. ಇಳಿಯುವಾಗ ನಿಧಾನ. ತೊಡೆಗೆ ನಿಜವಾದ ಕೆಲಸ ಬೀಳೋದು ಇಳಿಯುವಾಗಲೇ.

ಆಮೇಲೆ ಸಮತೋಲನ. ಒಂಟಿ ಕಾಲ ಮೇಲೆ ನಿಂತು ಕಣ್ಣು ಮುಚ್ಚಿ. ಅರ್ಧ ನಿಮಿಷ ನಿಲ್ಲೋಕೆ ಆಗದವರು ಡೆಕ್ (ದೋಣಿಯ ಮೇಲಿನ ಬಯಲು ಭಾಗ) ಮೇಲೆ ಬಕೆಟ್ ಹಿಡಿದು ನಿಲ್ಲಲಾರರು. ಎತ್ತಿಗೆ ಹುಲ್ಲು ತುಂಬಿಸಿದಂತೆ ಬರೀ ಎದೆ, ಬೈಸೆಪ್ಸ್ ತುಂಬಿಸಿಕೊಳ್ಳೋ ಹುಡುಗರನ್ನು ನೋಡಿದರೆ ನನಗೆ ಬೇಜಾರು. ಆ ತೂಕ ಹೊರೋದು ಸೊಂಟ ತಾನೇ?

ಬೆನ್ನಿನ ವಿಷಯಕ್ಕೆ ಟಾಮಿಯವರ ಕಥೆಯೇ ಸಾಕು. 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, ಸೆಪ್ಟೆಂಬರ್ 21ರಂದು, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ ದೋಣಿ ಮಗುಚಿ ಹಾಯಿ ಕಟ್ಟೋ ಕಂಬಗಳು ಮುರಿದವು. ಬೆನ್ನುಮೂಳೆಗೆ ಎಂಥ ಪೆಟ್ಟು ಬಿತ್ತೆಂದರೆ ಎದ್ದು ಕೂರೋಕೂ ಆಗಲಿಲ್ಲ. ಮೂರು ದಿನದ ನಂತರ ಫ್ರಾನ್ಸಿನ ಒಸಿರಿಸ್ ಎಂಬ ಹಡಗಿನವರು ಬಂದು ಎತ್ತಿಕೊಂಡರು. ಆಪರೇಷನ್ ಮಾಡಿ ಬೆನ್ನಿಗೆ ಟೈಟಾನಿಯಂ ಸರಳು ಹಾಕಿದರು, ಮತ್ತೆ ನಡೆಯೋದು ಕಲಿಯಬೇಕಾಯಿತು. ಮುಂದಿನ ಸಲ ಅದೇ ರೇಸಿನಲ್ಲಿ ಎರಡನೇ ಸ್ಥಾನ. ಅಂಥ ಪೆಟ್ಟನ್ನು ಯಾವ ಕಸರತ್ತೂ ತಡೆಯಲ್ಲ. ಆದರೆ ದಿನನಿತ್ಯದ ಬೆನ್ನುನೋವನ್ನು ತಡೆಯುತ್ತೆ. ಹೊಟ್ಟೆ, ಸೊಂಟ, ಬೆನ್ನಿನ ಸ್ನಾಯು ಗಟ್ಟಿ ಮಾಡಿಕೊಳ್ಳಿ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಎತ್ತೋದನ್ನು ರೂಢಿ ಮಾಡಿ.

3. ಕೈ

ಊರಲ್ಲಿ ಸೇದೋ ಬಾವಿ ಉಳಿದಿದ್ದರೆ ನೀವು ಪುಣ್ಯವಂತರು. ದಿನಾ ನೀರು ಸೇದಿ. ಇಲ್ಲದಿದ್ದರೆ ಮರಕ್ಕೆ ಹಗ್ಗ ಕಟ್ಟಿ ಹತ್ತಿ. ಹಗ್ಗದ ಮಲ್ಲಗಂಬ ಕಲಿಸೋರು ಸಿಕ್ಕರೆ ಇನ್ನೂ ಚೆನ್ನ. ಹಿಡಿತ, ಹೊಟ್ಟೆ, ಹೆಗಲು ಮೂರೂ ಒಟ್ಟಿಗೆ ಬೆಳೆಯುತ್ತವೆ.

ಸಮುದ್ರದಲ್ಲಿ ಕೈ ಊದುತ್ತೆ, ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚಿಕೊಂಡೇ ಇರುತ್ತವೆ. ಒಂದೊಂದೇ ಬೆರಳನ್ನು ಇನ್ನೊಂದು ಕೈಯಿಂದ ಬಿಡಿಸಬೇಕಾಗುತ್ತೆ. ಉಪ್ಪುನೀರಿಗೆ ನೆನೆದು ಒಣಗಿ, ಮತ್ತೆ ನೆನೆದು, ಬೆರಳ ಸಂದುಗಳಲ್ಲಿ ಚರ್ಮ ಸೀಳುತ್ತೆ. ನಮ್ಮ ಹಿಮ್ಮಡಿ ಒಡೆದ ಹಾಗೆಯೇ, ಆದರೆ ಆ ಸೀಳಿಗೆ ಗಂಟೆಗೊಮ್ಮೆ ಉಪ್ಪು ಬೀಳುತ್ತೆ. ರಾತ್ರಿ ಕೈಗೆ ವ್ಯಾಸಲಿನ್ ದಪ್ಪಗೆ ಹಚ್ಚಿ ಹತ್ತಿ ಕೈಗವಸು ಹಾಕಿ ಮಲಗೋದು, ಹಗಲು ಸೀಳಿನ ಮೇಲೆ ಟೇಪ್ ಸುತ್ತೋದು. ಕೆಲವರು ಫೆವಿಕ್ವಿಕ್ ಥರದ ಅಂಟು ಹಾಕಿ ಸೀಳು ಮುಚ್ಚುತ್ತಾರೆ. ಅದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ.

4. ತುಂಡು ನಿದ್ದೆ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಓದೋರಿದ್ದರೆ ಇದನ್ನು ಓದಿ.

ಒಬ್ಬರೇ ಇದ್ದಾಗ ಕಾವಲು ಕಾಯೋರು ಯಾರೂ ಇಲ್ಲ. ಸಣ್ಣ ದೋಣಿಯಿಂದ ಕ್ಷಿತಿಜದಲ್ಲಿ ಸರಕು ಹಡಗು ಕಂಡರೆ, ಅದು ಪೂರ್ತಿ ವೇಗದಲ್ಲಿ ನಿಮ್ಮ ಮೇಲೆ ಬರೋಕೆ ಸುಮಾರು 20 ನಿಮಿಷ ಸಾಕು. ಅದಕ್ಕೇ ಹಡಗುಗಳ ದಾರಿಯಲ್ಲಿ ಒಬ್ಬಂಟಿ ನಾವಿಕರು 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗುತ್ತಾರೆ. ಎದ್ದು ಸುತ್ತ ನೋಡಿ, ಮತ್ತೆ 20 ನಿಮಿಷ. ಖಾಲಿ ಸಾಗರದಲ್ಲಿ ಗಂಟೆ, ಒಂದೂವರೆ ಗಂಟೆ ಸಿಗಬಹುದು. ಒಂದೂವರೆ ಗಂಟೆ ಅಂದ್ರೆ ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ ಮುಗಿಯುತ್ತೆ. ಮುಕ್ಕಾಲು ಗಂಟೆಗೆ ಎದ್ದರೆ ಗಾಢ ನಿದ್ದೆಯ ನಡುವೆ ಎಳೆದು ಎಬ್ಬಿಸಿದಂತೆ ತಲೆ ಮಂಕಾಗುತ್ತೆ. ಆ ಮಂಕಿನಲ್ಲಿ ಹಗ್ಗ ಬಿಚ್ಚೋಕೆ ಹೋಗಿ ಬೆರಳು ಕೊಟ್ಟವರಿದ್ದಾರೆ.

ಒಬ್ಬಂಟಿ ನಾವಿಕರ ನಿದ್ದೆ ಅಧ್ಯಯನ ಮಾಡಿದ ಡಾ. ಕ್ಲಾಡಿಯೋ ಸ್ಟಾಂಪಿ ಕಂಡುಕೊಂಡದ್ದು ಇದು: ಚೆನ್ನಾಗಿ ಓಡಿಸಿದವರು 20 ನಿಮಿಷದಿಂದ ಒಂದು ಗಂಟೆಯ ತುಂಡುಗಳಲ್ಲಿ ಮಲಗಿ, ದಿನಕ್ಕೆ ಒಟ್ಟು ನಾಲ್ಕೂವರೆಯಿಂದ ಐದೂವರೆ ಗಂಟೆ ನಿದ್ದೆ ಮಾಡಿದ್ದರು. ಅಂದ್ರೆ ನಿದ್ದೆ ಬಿಟ್ಟವರು ಗೆಲ್ಲಲಿಲ್ಲ, ನಿದ್ದೆ ಕದಿಯೋದು ಕಲಿತವರು ಗೆದ್ದರು.

ನಿದ್ದೆ ಪೂರ್ತಿ ಕೆಟ್ಟರೆ ಏನೇನೋ ಕಾಣುತ್ತೆ, ಕೇಳುತ್ತೆ. ಯಾರೋ ಹೆಸರು ಹಿಡಿದು ಕರೆದಂತೆ, ಡೆಕ್ ಮೇಲೆ ಇನ್ನೊಬ್ಬರು ಓಡಾಡಿದಂತೆ. ಇದು ದೆವ್ವವೂ ಅಲ್ಲ, ಹುಚ್ಚೂ ಅಲ್ಲ. ಮಿದುಳು ರಜೆ ಕೇಳುತ್ತಿದೆ, ಅಷ್ಟೇ.

ಮನೆಯಲ್ಲಿ ಅಭ್ಯಾಸ ಹೀಗೆ. ಮೊದಲು ಮಧ್ಯಾಹ್ನ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗೋದು ಕಲಿಯಿರಿ. ಫ್ಯಾನ್ ಸದ್ದು, ಬೀದಿ ಗದ್ದಲ ಇರಲಿ, ಬೆಳಕೂ ಇರಲಿ. ಈಗಿನ ವೇಗದ ರೇಸ್ ದೋಣಿಗಳ ಒಳಗೆ ಎಷ್ಟು ಗದ್ದಲ ಅಂದ್ರೆ ನಾವಿಕರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಾರೆ, ಕೆಲವೊಮ್ಮೆ ತಲೆಗೆ ಹೆಲ್ಮೆಟ್ಟೂ ಬೇಕು. ಆಮೇಲೆ ತಿಂಗಳಿಗೊಂದು ವಾರಾಂತ್ಯ, ನಾಲ್ಕು ಗಂಟೆ ಎಚ್ಚರ, ನಾಲ್ಕು ಗಂಟೆ ವಿಶ್ರಾಂತಿಯ ಪಾಳಿ ಹಾಕಿ ನೋಡಿ. ತಂಡವಾಗಿ ಓಡಿಸೋ ದೋಣಿಗಳಲ್ಲಿ ಸಾಮಾನ್ಯವಾಗಿ ಇದೇ ಲೆಕ್ಕ. ಆ ಎರಡು ದಿನ ಬೈಕ್ ಮುಟ್ಟಬೇಡಿ. ಉಳಿದ ದಿನ ಎಂಟು ಗಂಟೆ ಗಡದ್ದಾಗಿ ಮಲಗಿ. ತಿಂಗಳುಗಟ್ಟಲೆ ನಿದ್ದೆಗೆಟ್ಟು ‘ರೂಢಿ’ ಮಾಡಿಕೊಳ್ಳೋದು ಶುದ್ಧ ತಪ್ಪು. ಮೈಗೆ ಆ ರೂಢಿ ಆಗಲ್ಲ, ಬರೀ ಜಡ್ಡು ಬರುತ್ತೆ.

5. ಹೊಟ್ಟೆ ತೊಳಸೋದು

ಕಣ್ಣು ‘ಕೋಣೆ ನಿಂತಿದೆ’ ಅನ್ನುತ್ತೆ, ಒಳಕಿವಿ ‘ಅಲ್ಲ, ತೂಗ್ತಿದೆ’ ಅನ್ನುತ್ತೆ. ಈ ಜಗಳದಲ್ಲಿ ಹೊಟ್ಟೆ ವಾಂತಿ ಮಾಡಿಕೊಳ್ಳುತ್ತೆ. ಬಹಳ ಜನಕ್ಕೆ ಎರಡು ಮೂರು ದಿನದಲ್ಲಿ ಸರಿಹೋಗುತ್ತೆ. ಪಳಗಿದ ರೇಸರ್‌ಗಳಿಗೂ ಬರುತ್ತೆ, ಅದರಲ್ಲಿ ನಾಚಿಕೆ ಬೇಡ.

ಪಂಚಮಿಗೆ ಜೋಕಾಲಿ ಕಟ್ಟಿದಾಗ ಕಣ್ಣು ಮುಚ್ಚಿ ತೂಗಿಸಿಕೊಳ್ಳಿ. ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಪುಸ್ತಕ ಓದಿ. ಪದೇ ಪದೇ ಮಾಡಿದರೆ ಸ್ವಲ್ಪ ಮಟ್ಟಿಗೆ ಒಗ್ಗುತ್ತೆ. ಹೆಚ್ಚಾಗಿ, ನಿಮ್ಮ ಹೊಟ್ಟೆಯ ಗುಣ ನಿಮಗೆ ಗೊತ್ತಾಗುತ್ತೆ. ದೋಣಿಯಲ್ಲಿ ಶುರುವಾದರೆ ಒಳಗೆ ಕೂರಬೇಡಿ, ಮೇಲೆ ಬಂದು ಕ್ಷಿತಿಜ ನೋಡಿ. ಇಲ್ಲವೇ ಚಪ್ಪಟೆ ಮಲಗಿ ಕಣ್ಣು ಮುಚ್ಚಿ. ಶುಂಠಿ ಕೆಲವರಿಗೆ ಆಗುತ್ತೆ. ವಾಂತಿ ತಡೆಯೋ ಮಾತ್ರೆಗಳಲ್ಲಿ ಬಹಳಷ್ಟು ನಿದ್ದೆ ತರಿಸುತ್ತವೆ. ಡಾಕ್ಟರ್ ಬರೆದುಕೊಟ್ಟದ್ದನ್ನು ರಜಾದಿನ ಮನೆಯಲ್ಲಿ ತಗೊಂಡು ನೋಡಿ, ಮೊದಲ ಸಲ ಸಮುದ್ರದಲ್ಲಿ ಬೇಡ. ಮಾತ್ರೆ ಹೊರಡೋ ಮುಂಚೆಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತೆ.

6. ಊಟ, ನೀರು

ತಂಡದ ರೇಸುಗಳಲ್ಲಿ ಒಬ್ಬರಿಗೆ ದಿನಕ್ಕೆ ಐದಾರು ಸಾವಿರ ಕ್ಯಾಲರಿ ಬೇಕಾಗುತ್ತೆ. ಅಷ್ಟು ತಿನ್ನೋಕೆ ಆಗಲ್ಲ. ಆದ್ದರಿಂದ ಎಲ್ಲರೂ ತೂಕ ಇಳಿಯುತ್ತಾರೆ. ಹೊರಡುವಾಗ ಎರಡು ಮೂರು ಕಿಲೋ ಜಾಸ್ತಿ ಇದ್ದರೆ ಒಳ್ಳೆಯದೇ.

ರೇಸ್ ದೋಣಿಯಲ್ಲಿ ಹಗುರ ಇರಲಿ ಅಂತ ನೀರು ತೆಗೆದು ಒಣಗಿಸಿದ ಊಟದ ಪ್ಯಾಕೆಟ್. ಬಿಸಿನೀರು ಹಾಕಿದರೆ ಗಂಜಿ. ಕೆಲವೇ ವಾರಕ್ಕೆ ಬಾಯಿ ಸತ್ತುಹೋಗುತ್ತೆ. ಇಲ್ಲಿ ನಮ್ಮ ಅಡುಗೆಮನೆ ಸಹಾಯಕ್ಕೆ ಬರುತ್ತೆ ಅನ್ನೋದು ನನ್ನ ಗಟ್ಟಿ ನಂಬಿಕೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ. ಶೇಂಗಾ ಹಿಂಡಿಯಲ್ಲಿ ಎಣ್ಣೆ, ಪ್ರೋಟೀನ್, ಉಪ್ಪು, ಖಾರ ಎಲ್ಲಾ ಇದೆ. ನೂರು ಗ್ರಾಂ ಶೇಂಗಾದಲ್ಲಿ 550ಕ್ಕೂ ಹೆಚ್ಚು ಕ್ಯಾಲರಿ. ಎರಡೇ ಎಚ್ಚರ: ಸಮುದ್ರದ ತೇವಕ್ಕೆ ರೊಟ್ಟಿ ಬೇಗ ಮೆತ್ತಗಾಗಿ, ಆಮೇಲೆ ಬೂಸ್ಟು ಹಿಡಿಯುತ್ತೆ, ಆದ್ದರಿಂದ ದಿನಕ್ಕೊಂದು ಪೊಟ್ಟಣದಂತೆ ಗಾಳಿ ಹೋಗದ ಹಾಗೆ ಸೀಲ್ ಮಾಡಿಸಿ. ಹೊಟ್ಟೆ ತೊಳಸೋ ಮೊದಲ ದಿನಗಳಲ್ಲಿ ಹಿಂಡಿಯ ಖಾರ ಬೇಡ.

ಹಸಿ ತರಕಾರಿ ಮೊದಲ ಕೆಲವು ವಾರಕ್ಕೇ ಮುಗಿಯುತ್ತೆ. ಹಳೇ ನಾವಿಕರು ಸಿ ವಿಟಮಿನ್ ಇಲ್ಲದೆ ಒಸಡು ಕೊಳೆತು ಸತ್ತರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಳೆ, ನಿಂಬೆ ಕೊಟ್ಟು ಅದು ವಾಸಿಯಾಗೋದನ್ನು ತೋರಿಸಿದ. ಈಗ ಮಾತ್ರೆ ಇದೆ. ಜೊತೆಗೆ ಹೆಸರುಕಾಳು, ಮಡಕಿಕಾಳು ಒಯ್ದು ದೋಣಿಯಲ್ಲೇ ಮೊಳಕೆ ಬರಿಸಿ. ದೂರಯಾನ ಮಾಡೋ ಎಷ್ಟೋ ಜನ ಮಾಡೋದು ಇದನ್ನೇ, ನಮಗೆ ಯಾರೂ ಕಲಿಸಬೇಕಿಲ್ಲ.

ಕೆಟ್ಟದ್ದನ್ನು, ಹೊಟ್ಟೆಗೆ ಒಗ್ಗದ್ದನ್ನು ‘ಚೆಲ್ಲೋದ್ಯಾಕೆ’ ಅಂತ ತಿನ್ನಬೇಡಿ. ಒಬ್ಬರೇ ಮೊದಲು ಭೂಮಿ ಸುತ್ತಿದ ಜೋಶುವಾ ಸ್ಲೋಕಂ 1895ರಲ್ಲಿ ಪ್ಲಮ್ ಹಣ್ಣು, ಚೀಸ್ ತಿಂದು ಹೊಟ್ಟೆನೋವಿಗೆ ನೆಲಕ್ಕೆ ಬಿದ್ದರು. ಚುಕ್ಕಾಣಿ ಹತ್ತಿರ ಬೇರೆ ಯಾರೋ ನಿಂತು ದೋಣಿ ನಡೆಸುತ್ತಿರುವಂತೆ ಅವರಿಗೆ ಕಂಡಿತ್ತು.

ಇನ್ನು ನೀರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದನ್ನು ಹೊರಹಾಕೋಕೆ ಕಿಡ್ನಿಗೆ ಕುಡಿದದ್ದಕ್ಕಿಂತ ಜಾಸ್ತಿ ನೀರು ಬೇಕು. ಕುಡಿದಷ್ಟೂ ಒಣಗುತ್ತೀರಿ. ಈಗಿನ ದೋಣಿಗಳಲ್ಲಿ ನಮ್ಮ ಆರ್‌ಓ ಥರದ್ದೇ ಯಂತ್ರ ಉಪ್ಪುನೀರನ್ನು ಸಿಹಿ ಮಾಡುತ್ತೆ. ಆ ನೀರಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆವರು ಸುರಿಯೋ ದಿನ ಓಆರ್‌ಎಸ್ ಬೆರೆಸಿ. ಪೊಟ್ಟಣ ಮುಗಿದರೆ ಒಂದು ಲೀಟರಿಗೆ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಚಹಾ ಚಮಚೆಯಲ್ಲಿ, ಅಂಚಿಗೆ ಸಮ, ಗುಡ್ಡೆ ಬೇಡ.

‘ನಾವು 43 ಡಿಗ್ರಿಯಲ್ಲಿ ಬೆಳೆದವರು, ನಮಗೇನು ಶೆಕೆ’ ಅನ್ನೋರು ಕೇಳಿ. ನಮ್ಮದು ಒಣ ಬಿಸಿಲು, ಬೆವರು ಬಂದ ಕೂಡಲೇ ಆರಿ ಮೈ ತಂಪಾಗುತ್ತೆ. ಸಮಭಾಜಕದ ಹತ್ತಿರ ಗಾಳಿ ಸತ್ತ ಜಾಗದಲ್ಲಿ 30 ಡಿಗ್ರಿ ಇದ್ದರೂ ಬೆವರು ಆರಲ್ಲ. ಸುಮ್ನೆ ಇಳಿಯುತ್ತೆ. ಉಚ್ಚೆ ಬಣ್ಣ ನೋಡುತ್ತಿರಿ. ಕಡು ಹಳದಿಗೆ ತಿರುಗಿತು ಅಂದ್ರೆ ಬಾಟಲಿ ಎತ್ತಿ.

"ಸರ್, ಅಲ್ಲಿ ಸಂಡಾಸಿಗೆ ಹ್ಯಾಂಗ್ರಿ?" ಅಂತ ಎಲ್ಲರೂ ಕೇಳುತ್ತಾರೆ. "ರೇಸ್ ದೋಣ್ಯಾಗ ಬಕೆಟ್ಟೇ ಗತಿ ತಮ್ಮಾ," ಅನ್ನುತ್ತೇನೆ. ತೂಗೋ ದೋಣಿಯಲ್ಲಿ ಬಕೆಟ್ ಮೇಲೆ ಕೂರೋ ಕಷ್ಟಕ್ಕೆ ಮುಂದೂಡಿ ಮುಂದೂಡಿ ಮಲಬದ್ಧತೆ ಆಗುತ್ತೆ. ಇಸಬ್‌ಗೋಲ್ ಒಯ್ಯಿರಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಬಸ್ ಪ್ರಯಾಣದಲ್ಲಿ ಶೌಚಾಲಯ ಸಿಗಲ್ಲ ಅಂತ ನೀರು ಕುಡಿಯದೆ ಇರೋ ರೂಢಿ ಇದ್ದರೆ ಈಗಲೇ ಬಿಡಿ. ದೋಣಿಯಲ್ಲಿ ಅದೇ ಮಾಡಿದರೆ ಮೂತ್ರದ ಸೋಂಕು ಬರುತ್ತೆ. ಮುಟ್ಟಿನ ದಿನಗಳಿಗೆ ಏನು ಬಳಸೋದು ಅನ್ನೋದನ್ನು ಮೂರು ನಾಲ್ಕು ತಿಂಗಳು ಮುಂಚೆಯೇ ಡಾಕ್ಟರಮ್ಮನ ಹತ್ತಿರ ಮಾತಾಡಿ ನಿರ್ಧರಿಸಿ.

7. ಚರ್ಮ, ಕಣ್ಣು

ಉಪ್ಪುನೀರಿಗೆ ನೆನೆದ ಬಟ್ಟೆ ಬಿಸಿಲಿಗೆ ಒಣಗಿದಂತೆ ಕಾಣುತ್ತೆ. ಮುಟ್ಟಿದರೆ ಹಪ್ಪಳದ ಥರ ಗರಗರ. ಸಂಜೆ ತೇವ ಏರಿದ ಕೂಡಲೇ ಆ ಉಪ್ಪು ಗಾಳಿಯಿಂದ ನೀರು ಎಳೆದುಕೊಂಡು ಮತ್ತೆ ಒದ್ದೆ. ಆ ಬಟ್ಟೆಯ ಮೇಲೆ ಹಗಲು ರಾತ್ರಿ ಕೂತು ಉಜ್ಜಿದರೆ ಕೂದಲ ಬುಡದಲ್ಲಿ ಕೆಂಪು ಗುಳ್ಳೆ, ಆಮೇಲೆ ಕೀವು, ಆಮೇಲೆ ಕುರು. ಕೂರೋಕೆ ಆಗದ ನಾವಿಕ ದೋಣಿ ಹೇಗೆ ನಡೆಸಬೇಕು?

ದಿನಕ್ಕೊಮ್ಮೆ ಕುಂಡೆ, ತೊಡೆಸಂದು, ಕಂಕುಳನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ. ಮಗ್ಗು ನೀರು ಸಾಕು. ಪೂರ್ತಿ ಆರಿದ ಮೇಲೆ ಮಕ್ಕಳಿಗೆ ಹಚ್ಚೋ ಜಿಂಕ್ ಕ್ರೀಮ್ ಹಚ್ಚಿ. ಮಲಗೋಕೆ ಅಂತಲೇ ಒಂದು ಜೊತೆ ಒಣ ಬಟ್ಟೆ ಸೀಲ್ ಮಾಡಿದ ಚೀಲದಲ್ಲಿ ಇರಲಿ, ಅದನ್ನು ಹಾಕಿಕೊಂಡು ಡೆಕ್ಕಿಗೆ ಹೋಗಬಾರದು. ಹತ್ತಿ ಒಳ ಉಡುಪು ಬೇಡ, ಅದು ತೇವ ಬಿಡಲ್ಲ. ಪಾದಕ್ಕೂ ಇದೇ ಮಾತು. ಬೂಟಿನೊಳಗೆ ದಿನಗಟ್ಟಲೆ ತಣ್ಣಗೆ ಒದ್ದೆಯಾಗಿದ್ದ ಪಾದ ಬೆಳ್ಳಗೆ ಸುಕ್ಕಾಗಿ, ಮರಗಟ್ಟಿ, ಆಮೇಲೆ ಉರಿಯುತ್ತೆ. ದಿನಾ ಒಂದಿಷ್ಟು ಹೊತ್ತು ಬೂಟು ಬಿಚ್ಚಿ ಒಣಗಿಸಿ.

ನೀರಿನ ಮೇಲಿಂದ ಬಿಸಿಲು ತಿರುಗಿ ಹೊಡೆಯುತ್ತೆ, ಟೋಪಿ ಕೆಳಗಿನ ಗದ್ದ, ಮೂಗಿನ ಹೊಳ್ಳೆ, ತುಟಿ ಸುಡುತ್ತೆ. ಕಣ್ಣಿನ ಬಿಳಿ ಭಾಗದಿಂದ ಮಾಂಸದ ಪೊರೆ ಬೆಳೆದು ಕರಿಗುಡ್ಡೆ ಕಡೆ ಬರೋದನ್ನು ನಮ್ಮ ರೈತರಲ್ಲೂ ನೋಡಿದ್ದೀರಿ ಅಲ್ವಾ? ಬಿಸಿಲು, ಗಾಳಿ, ದೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬರೋದು ಅದು. ನಾವಿಕರಿಗೂ ಬರುತ್ತೆ. ಕಣ್ಣಿನ ಪಕ್ಕ ಮುಚ್ಚೋ ಒಳ್ಳೆ ಕನ್ನಡಕ ತಗೊಳ್ಳಿ. ಇದರಲ್ಲಿ ಜಿಪುಣತನ ಬೇಡ.

8. ನಿಜವಾದ ನೀರಿನ ಮೇಲೆ

ಇಷ್ಟಾದ ಮೇಲೆ ದೋಣಿ ಹತ್ತಬೇಕಲ್ಲ. ಬೀದರಿಂದ ಸುಮಾರು 140 ಕಿ.ಮೀ. ದೂರದ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಕಲಿಸೋ ಕ್ಲಬ್ಬುಗಳಿವೆ. ನಮಗೆ ಹತ್ತಿರದ್ದು ಅದೇ. ಕೆರೆಯಲ್ಲಿ ಗಾಳಿ, ಹಗ್ಗ, ಬೂಮ್ (ಹಾಯಿಯ ಕೆಳಗಿನ ಅಡ್ಡಕಂಬ) ತಲೆಗೆ ಹೊಡೆಯೋ ಕ್ಷಣ ಎಲ್ಲಾ ಪರಿಚಯ ಆಗುತ್ತೆ. ಆಮೇಲೆ ಗೋವಾ. ಈಜು ಬರದವರು ಅದಕ್ಕೂ ಮುಂಚೆ ಈಜು ಕಲಿಯಿರಿ, ಇದನ್ನು ಹೇಳಬೇಕಾಗಿ ಬರೋದೇ ಬೇಸರ.

ಔಷಧಿ ಪೆಟ್ಟಿಗೆ ಡಾಕ್ಟರ ಕೈಲೇ ಮಾಡಿಸಿ. ಪ್ರತಿ ಮಾತ್ರೆ ಮೇಲೆ ಯಾವುದಕ್ಕೆ, ಎಷ್ಟು ಅಂತ ಕನ್ನಡದಲ್ಲಿ ಬರೆದು ಅಂಟಿಸಿ. ನಿದ್ದೆಗಣ್ಣಲ್ಲಿ ಓದೋಕೆ ಆಗಬೇಕು. ಗಾಯ ಹೊಲಿಯೋದನ್ನು ಕಲಿತು ಹೋಗಿ. 1992-93ರ ವಾಂದೇ ಗ್ಲೋಬ್‌ನಲ್ಲಿ ಬೆರ್ತ್ರಾಂ ದ ಬ್ರೋಕ್ ನಾಲಿಗೆ ಕಚ್ಚಿ ಹರಿದುಕೊಂಡಾಗ, ದಡದಲ್ಲಿದ್ದ ಡಾಕ್ಟರ್ ಸಂದೇಶ ಕಳಿಸಿ ಹೇಳಿಕೊಟ್ಟಂತೆ ತಾವೇ ಹೊಲಿದುಕೊಂಡರು. 2008ರಲ್ಲಿ ಅದೇ ರೇಸಿನಲ್ಲಿ ಯಾನ್ ಎಲಿಯೆಸ್ ಎಂಬ ನಾವಿಕನಿಗೆ ತೊಡೆಮೂಳೆಯೇ ಮುರಿಯಿತು. ಆಸ್ಟ್ರೇಲಿಯಾದ ನೌಕಾಪಡೆ ಹಡಗು ಬರೋ ತನಕ ಕಾಯಬೇಕಾಯಿತು. ಎದೆಗೆ ಕಟ್ಟೋ ಸುರಕ್ಷಾ ಪಟ್ಟಿಯನ್ನು ಹಗ್ಗದಿಂದ ದೋಣಿಗೆ ಬಿಗಿದುಕೊಳ್ಳದೆ ಡೆಕ್ಕಿಗೆ ಕಾಲಿಡಬೇಡಿ, ಗಾಳಿ ಇಲ್ಲದ ದಿನವೂ.

9. ವಾಪಸ್ ಬಂದ ಮೇಲೆ

ದಡಕ್ಕೆ ಇಳಿದಾಗ ನೆಲವೇ ತೂಗುತ್ತೆ. ಸ್ನಾನದ ಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಬೀಳೋದು ಜಾಸ್ತಿ, ಗೋಡೆ ಹಿಡಿದುಕೊಳ್ಳಿ. ಒಂದೆರಡು ದಿನದಲ್ಲಿ ಹೋಗುತ್ತೆ. ಅಲ್ಲೀವರೆಗೆ ಬೈಕ್ ಬೇಡ.

ಮನೆಯವರು ಹೋಳಿಗೆ, ತುಪ್ಪ ಅಂತ ಬಡಿಸುತ್ತಲೇ ಇರುತ್ತಾರೆ. ಸ್ವಲ್ಪ ಸ್ವಲ್ಪ ತಿನ್ನಿ, ಸಣ್ಣಗಾದ ಹೊಟ್ಟೆ ತಡೆಯಲ್ಲ. ಮೊದಲ ವಾರ ಶರಣಬಸವೇಶ್ವರ ಕೆರೆ ದಂಡೆ ಮೇಲೆ ಸಮತಟ್ಟು ನಡಿಗೆ ಮಾತ್ರ, ಓಟ ಬೇಡ. ಎರಡನೇ ವಾರದಿಂದ ಮೆಟ್ಟಿಲು. ಬಸ್ಕಿ ಆಮೇಲೆ, ಅದೂ ಹಳೇ ಲೆಕ್ಕದ ಕಾಲು ಭಾಗದಿಂದ. ಒಣಗದೆ ಉಳಿದ ಕುರು, ಮರಗಟ್ಟಿದ ಬೆರಳು, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ಇದ್ದರೆ ತೋರಿಸಿ. ರಾತ್ರಿ 20 ನಿಮಿಷಕ್ಕೊಮ್ಮೆ ಎಚ್ಚರ ಆಗೋದು ಕೆಲವು ವಾರ ಇರಬಹುದು. ಮಲಗೋ ಹೊತ್ತು, ಏಳೋ ಹೊತ್ತು ದಿನಾ ಒಂದೇ ಇಟ್ಟುಕೊಳ್ಳಿ. ನೆಲ ತೂಗೋದು ತಿಂಗಳಾದರೂ ನಿಲ್ಲದಿದ್ದರೆ ಕಿವಿ ಡಾಕ್ಟರನ್ನು ಕಾಣಿ. ಎಷ್ಟು ದಿನ ಸಮುದ್ರದಲ್ಲಿ ಇದ್ದಿರಿ ಅನ್ನೋದನ್ನು ಮೊದಲು ಹೇಳಿ, ಇಲ್ಲದಿದ್ದರೆ ಬಿಪಿ ನೋಡಿ ಕಳಿಸಿಬಿಡುತ್ತಾರೆ.